ಎದೆಗೆ ಹೋದ ಕೈ

ತಮ್ಮಾ ಇಲ್ಹೋಮ್, ನಾನು ಹತ್ತಬೇಕಾದ ಮರ್ಗಿಲಾನದ ಬಸ್ಸು ಹಾರ್ನ್ ಹೊಡೆಯುತ್ತಿದೆ, ಅದಕ್ಕೇ ಈ ಚೀಟಿ. ಅಪ್ಪ ಇನ್ನೂ ಬಂದುಹೋಗುವವರಿಗೆ ಎದೆಗೆ ಕೈಯಿಟ್ಟು ಸಲಾಂ ಮಾಡುತ್ತಾ ಬೀದಿಬಾಗಿಲಲ್ಲೇ ನಿಂತಿದ್ದಾರೆ. ನಿನ್ನೆ ಅವರು ಅಲ್ಲಿ ಎದೆ ಹಿಡಿದುಕೊಂಡಾಗ, ಸಲಾಂ ಮಾಡುತ್ತಿದ್ದಾರೆಂದುಕೊಂಡು ಪಕ್ಕದ ಮನೆಯ ತುರ್ಸುನ್ ತಾನೂ ಎದೆಗೆ ಕೈಯಿಟ್ಟು, ನಕ್ಕು ಮುಂದೆ ಹೋದನಂತೆ. ನಾನು ಬರುವಷ್ಟರಲ್ಲಿ ಅಪ್ಪ ಗೋಡೆಯ ಬುಡದಲ್ಲಿ ಕುಸಿದಿದ್ದರು.

ಇವತ್ತೂ ನಾಡಿ ಸರಿಯಿಲ್ಲ. ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಮಾತ್ರೆ ಟೀ ಬಟ್ಟಲಿನ ಪಕ್ಕದಲ್ಲಿದೆ. ಅಪ್ಪ ನುಂಗಿದ್ದನ್ನು ನೋಡಿಯೇ ಅಲ್ಲಿಂದ ಏಳು. ಮಹಾರಾಯ, ಫೋನಿನಲ್ಲಿ ಮುಳುಗಿರಬೇಡ. ಕೈ ಎದೆಗೆ ಹೋದಾಗಲೆಲ್ಲ ಅವರ ಮುಖ ನೋಡು.

ಕೂತುಕೊಂಡೇ ಸಲಾಂ ಮಾಡಿ ಎಂದು ಈಗಷ್ಟೇ ಕುರ್ಚಿ ಒಯ್ದು ಕೊಟ್ಟೆ. “ಬಂದವರಿಗೆ ಎದ್ದು ನಿಲ್ಲದಿರೋಕೆ ನಾನಿನ್ನೂ ಸತ್ತಿಲ್ಲ ಕಣಮ್ಮ. ಒಳಗಿಡು ಅದನ್ನ. ನಾನು ಕೂರಲ್ಲ,” ಅಂದರು.