ಬೇಟನ್ ಕೊಡುವಾಗಿನ ಕೂಗು

ಸಮುದ್ರ ದಂಡೆಯ ಶಿಬಿರದಿಂದ
11 ಮೇ 1983

ನನ್ನ ಮುದ್ದು ಅಮ್ಮನಿಗೆ ಝೀನಾಳ ಅಪ್ಪುಗೆ.

ನೀನು ಕಳಿಸಿದ ರಾಸ್ಪ್‌ಬೆರಿ ಜಾಮ್ ತಲುಪಿತು. ನಾನು ರುಚಿ ನೋಡುವಷ್ಟರಲ್ಲಿ ಅರ್ಧ ಬಾಟಲಿ ಹುಡುಗಿಯರ ಹೊಟ್ಟೆ ಸೇರಿತ್ತು. ಫೋನ್ ಮಾಡದೆ ಕಾಗದ ಬರೆಯುತ್ತಾಳೆಂದು ಕೋಪ ಮಾಡಿಕೊಳ್ಳಬೇಡ. ಇಲ್ಲಿಂದ ಲೈನ್ ಸಿಗುವುದೇ ಕಷ್ಟ. ಸಿಕ್ಕರೂ ನಮ್ಮ ವಠಾರದಲ್ಲಿರುವ ಒಂದೇ ಫೋನಿಗೆ ಪಕ್ಕದ ಮನೆಯ ಫ್ರೋಲ್ ಮಾಮನ ಕಿವಿ ಯಾವಾಗಲೂ ಅಂಟಿಕೊಂಡಿರುತ್ತದೆ.

ನಾನು ಚೆನ್ನಾಗಿದ್ದೇನೆ. ಹುಟ್ಟಿದಾಗಿನಿಂದ ಇಷ್ಟು ವೇಗವಾಗಿ ಓಡಿರಲಿಲ್ಲ. ಹೋದ ವರ್ಷ ನನ್ನನ್ನು ಹಿಂದೆ ಹಾಕಿದವರೆಲ್ಲ ಈಗ ನನ್ನ ಬೆನ್ನು ನೋಡುತ್ತಿದ್ದಾರೆ. ಆಗಸ್ಟಿನ ರಿಲೇಯಲ್ಲಿ ಮೂರನೆಯವಳಾಗಿ ಓಡುವುದು ನಾನು, ಕೊನೆಯವಳಾಗಿ ನನ್ನ ಕೋಣೆಯ ರಿಮ್ಮಾ. ಬೆಳಿಗ್ಗೆ ತಿಂಡಿಗೆ ಮೊದಲು ನಮಗೆಲ್ಲ ಇಂಜೆಕ್ಷನ್ ಕೊಡುತ್ತಾರೆ. ಏನಿದು ಎಂದು ಕೋಚ್ ವಾದಿಮ್ ಸಾವಿಚ್ ಅವರನ್ನು ಕೇಳಿದರೆ, "ವಿಟಮಿನ್ ಕಣಮ್ಮ. ಓಡೋದು ನಿನ್ನ ಕೆಲಸ, ಕೇಳೋದಲ್ಲ" ಎನ್ನುತ್ತಾರೆ.

ಮೊನ್ನೆ ಒಂದು ತಮಾಷೆ ನಡೆಯಿತು. ಬೇಟನ್ ತೆಗೆದುಕೊಳ್ಳುವವಳು ಹಿಂದೆ ತಿರುಗಿ ನೋಡದೆ ಓಡುತ್ತಿರಬೇಕಲ್ಲ. ನಾನು "ಹಿಡಿ" ಎಂದು ಕೂಗಬೇಕು, ಕೂಗು ಕೇಳಿ ರಿಮ್ಮಾ ಕೈ ಹಿಂದಕ್ಕೆ ಚಾಚಬೇಕು. ನಾನು ಕೂಗಿದೆ, ಅವಳು ಚಾಚಲೇ ಇಲ್ಲ. ಬೇಟನ್ ಅವಳ ಬೆನ್ನಿಗೆ ಬಡಿದು ಕೆಳಗೆ ಬಿತ್ತು. "ಆ ಕಡೆ ಓಡ್ತಿದ್ದ ಹುಡುಗರಲ್ಲಿ ಯಾರೋ ಕೂಗಿದ ಅಂದ್ಕೊಂಡೆ ಕಣೇ" ಅಂದಳು. ಶೀತವಾಗಿ ನನ್ನ ಗಂಟಲು ಕಟ್ಟಿದೆ, ಅಷ್ಟೇ. "ಗಂಟಲು ಕಟ್ಟಿದ್ರೇನಂತೆ, ಕಾಲು ಕಟ್ಟಿಲ್ವಲ್ಲ" ಎಂದು ವಾದಿಮ್ ಸಾವಿಚ್ ನಕ್ಕರು. ರಿಮ್ಮಾ ನಗಲಿಲ್ಲ. ಅವಳಿಗೆ ರೂಢಿಯಾಗಲೆಂದು ಊಟದ ಹೊತ್ತಿನವರೆಗೂ ನನ್ನಿಂದ ಕೂಗಿಸಿದರು.

ಈಗ ಮುಖ್ಯ ವಿಷಯ. ನಮ್ಮ ತಾಸ್ಯಾ ಶಾಲೆಯ ಪಂದ್ಯದಲ್ಲಿ ಓಡಿದ್ದನ್ನು ವಾದಿಮ್ ಸಾವಿಚ್ ನೋಡಿದ್ದಾರೆ. ಹದಿನಾಲ್ಕಕ್ಕೇ ತಂಗಿಯ ಕಾಲು ಅಕ್ಕನಿಗಿಂತ ಚುರುಕಂತೆ. ಬೇಸಿಗೆ ರಜಕ್ಕೇ ಶಿಬಿರಕ್ಕೆ ಸೇರಿಸಿಕೊಳ್ಳುತ್ತಾರಂತೆ. ಒಪ್ಪಿಗೆಯ ಕಾಗದಕ್ಕೆ ನಿನ್ನ ಸಹಿ ಹಾಕಿಸಿಕೊಳ್ಳಲು ಮುಂದಿನ ವಾರ ಅವರೇ ಮನೆಗೆ ಬರುತ್ತಾರೆ. "ನಿಮ್ಮಮ್ಮ ಪುಕ್ಕಲು ಹೆಂಗಸು, ನೀನೇ ಬರೆದು ಧೈರ್ಯ ಹೇಳು" ಎಂದಿದ್ದಾರೆ. ಹೆದರುವುದಕ್ಕೇನಿದೆ ಅಮ್ಮ? ಹೊಟ್ಟೆ ತುಂಬ ಮಾಂಸ, ಕಿತ್ತಳೆ ಹಣ್ಣು, ಬೆಚ್ಚನೆಯ ಕೋಣೆ. ಜೊತೆಗೆ ನಾನಿದ್ದೇನೆ. ಯೋಚಿಸದೆ ಸಹಿ ಹಾಕು.

ತಾಸ್ಯಾಳ ಎರಡೂ ಕೆನ್ನೆಗೆ ಮುತ್ತು.

ನಿನ್ನ ಹಿರಿಮಗಳು,
ಝೀನಾ

ತಾ.ಕ.: ಮೇಲಿನದನ್ನು ವಾದಿಮ್ ಸಾವಿಚ್ ಓದಿ, ಚೆನ್ನಾಗಿದೆ ಎಂದು ಹಿಂದಿರುಗಿಸಿದರು. ಇದನ್ನು ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಸಹಿ ಹಾಕಬೇಡ ಅಮ್ಮ. ಅವರು ಬರುವ ಮೊದಲೇ ತಾಸ್ಯಾಳನ್ನು ಅಜ್ಜಿಯ ಹಳ್ಳಿಗೆ ಸಾಗಿಸಿಬಿಡು. ರಿಮ್ಮಾ ದಿನಾ ಬೆಳಿಗ್ಗೆ ಚಿಲಕ ಹಾಕಿಕೊಂಡು ಗಲ್ಲ ಬೋಳಿಸಿಕೊಳ್ಳುತ್ತಾಳೆ. ನನ್ನನ್ನು ಬಾ ಎನ್ನಬೇಡ. ಈ ವೇಗ ಬಿಟ್ಟು ಬರಲು ನನಗೆ ಮನಸ್ಸಾಗುತ್ತಿಲ್ಲ, ಅದೇ ನನಗೆ ಭಯ. ನನಗೆ ಶೀತವೂ ಆಗಿಲ್ಲ, ಲೈನ್ ಸಿಗದೆಯೂ ಇಲ್ಲ. ಹೋದ ಭಾನುವಾರ ಫೋನಿನಲ್ಲಿ ಯಾರೋ "ಅಮ್ಮಾ" ಎಂದಾಗ, "ಕುಡಿದಿದೀಯೇನೋ? ನನಗಿರೋದು ಇಬ್ಬರೂ ಹೆಣ್ಣುಮಕ್ಕಳು, ಇಡೋ ಫೋನು" ಎಂದು ಬೈದೆಯಲ್ಲ, ಅದು ನಾನೇ.