ಮುಂದಿನ ಸಾಲಿನ ನಿದ್ದೆ

ತಮ್ಮಾ,

ಸಿನಿಮಾ ಹೇಗಿತ್ತೆಂದು ಕೇಳಲು ನೀನು ಫೋನ್ ಮಾಡುತ್ತಲೇ ಇದ್ದೀಯ. ಎತ್ತಿದರೆ ಬೈಗುಳವೇ ಬರುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಪ್ರದರ್ಶನದಲ್ಲಿ ಅಮ್ಮ ಮುಂದಿನ ಸಾಲಿನಲ್ಲೇ ನಿದ್ದೆ ಹೋದಳು, ನಿಜ. ಸಿನಿಮಾ ಮುಗಿದ ಮೇಲೆ ನೀನು ಮೈಕ್ ಹಿಡಿದು, "ತಾಯಿ ಬಗ್ಗೆ ಸಿನಿಮಾ ಮಾಡಿದ್ರೆ ನನ್ನ ತಾಯೇ ಗೊರಕೆ ಹೊಡೀತಿದಾಳೆ ನೋಡಿ. ಅವಳಿಗೆಲ್ಲಿ ಇದೆಲ್ಲ ಅರ್ಥ ಆಗ್ಬೇಕು!" ಎಂದೆ. ಜನ ನಕ್ಕರು. ಆ ನಗುವಿಗೆ ಎಚ್ಚರವಾದ ಅಮ್ಮ, ಏನೆಂದು ತಿಳಿಯದೆ, ತಾನೂ ನಕ್ಕು ಚಪ್ಪಾಳೆ ತಟ್ಟಿದಳು.

ನಿನ್ನ ನಿರ್ಮಾಪಕರೂ ತೂಕಡಿಸುತ್ತಿದ್ದರು ಕಣೋ. ನನ್ನ ಪಕ್ಕದವರಂತೂ ನನ್ನ ಭುಜಕ್ಕೇ ಒರಗಿಬಿಟ್ಟಿದ್ದರು. ಒಬ್ಬ ಹೆಂಗಸು ಪಾತ್ರೆ ತೊಳೆಯುವುದನ್ನೇ ಅಷ್ಟು ಹೊತ್ತು ತೋರಿಸಿದರೆ ಯಾರು ತಾನೇ ಎಚ್ಚರವಿದ್ದಾರು? ನೀನು ಆಡಿಕೊಂಡಿದ್ದು ಮಾತ್ರ ಅಮ್ಮನನ್ನು.

ಅಪ್ಪ ಹಾಸಿಗೆ ಹಿಡಿದಂದಿನಿಂದ ಅವಳು ಕಣ್ತುಂಬ ನಿದ್ದೆ ಮಾಡಿಲ್ಲ. ಗಳಿಗೆಗೊಮ್ಮೆ ಅವರು ಕೂಗುತ್ತಾರೆ, ಇವಳು ಏಳುತ್ತಾಳೆ. ಪೋಸ್ಟರಿನ ಮೇಲೆ ತಾಯಿಯ ತ್ಯಾಗ ಎಂದು ಬರೆಸಿದವನಿಗೆ ಅದು ಕಾಣಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ, "ಅವನಿಗೆ ಏನೂ ಅನ್ಬೇಡ್ವೇ. ಎಷ್ಟೋ ದಿನದ ಮೇಲೆ ಒಳ್ಳೆ ನಿದ್ದೆ ಬಂತು," ಎಂದಳು. ಆ ಮಾತಿಗೆ ಕಟ್ಟುಬಿದ್ದು ಇಷ್ಟಕ್ಕೇ ನಿಲ್ಲಿಸುತ್ತಿದ್ದೇನೆ.

ಶನಿವಾರ ಬಾ. ಅಮ್ಮನನ್ನು ಒಂದು ವಾರ ನನ್ನ ಮನೆಗೆ ಕರೆದೊಯ್ಯುತ್ತೇನೆ, ಅಪ್ಪನ ಹತ್ತಿರ ನೀನಿರು. ಕ್ಯಾಮೆರಾ ತರಬೇಡ. ಅವರು ಕೂಗಿದ ಕೂಡಲೇ ಎದ್ದು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಿದ್ದೆ ಬಂದರೆ ಮುಖಕ್ಕೆ ನೀರು ಹಾಕಿಕೋ.

ನಿನ್ನ ಅಕ್ಕ