ಕುದುರೆಗೆ ಕಾಯಿಲೆ ಎಂದಿದ್ದೆ

ಗುರುವಾರ, 23 ಆಗಸ್ಟ್ 1956
ರಾಜಾಜಿನಗರ

ಜಟಕಾ ಮುನಿಶಾಮಿ ಇವತ್ತು ನಮ್ಮ ಬೀದಿಗೆ ಯಾಕಾದರೂ ಬಂದನೋ ಎಂದು ಮಧ್ಯಾಹ್ನದಿಂದ ಬೈದುಕೊಳ್ಳುತ್ತಿದ್ದೇನೆ. ಬೈಸಿಕೊಳ್ಳಬೇಕಾದವಳು ನಾನು.

ಯಜಮಾನರ ಅಕ್ಕ ಅನಂತಲಕ್ಷ್ಮಿಯವರಿಗೆ ಚಿಕ್ಕಂದಿನಿಂದ ಎರಡು ಕಾಲೂ ಸ್ವಾಧೀನವಿಲ್ಲ. ಗುರುವಾರ ಮಾತ್ರ ಜಟಕಾದಲ್ಲಿ ಮಲ್ಲೇಶ್ವರಕ್ಕೆ ಹೋಗಿ ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತಿದ್ದರು. ವಾರದಲ್ಲಿ ಅವರು ಹೊರಗಿನ ಗಾಳಿ ಕಾಣುತ್ತಿದ್ದದ್ದು ಅದೊಂದೇ ದಿನ. ಅಕ್ಕಿ, ಸೌದೆ, ಎಲ್ಲ ತುಟ್ಟಿಯಾಯಿತು. ಹುರುಳಿ ತುಟ್ಟಿಯೆಂದು ಮುನಿಶಾಮಿಯೂ ಬಾಡಿಗೆ ಏರಿಸಿದ. ನಾವಾದರೆ ನಡೆದುಬಿಡುತ್ತೇವೆ, ಅವರಿಗೆ ಜಟಕಾ ಬಿಟ್ಟರೆ ಬೇರೆ ದಾರಿಯಿಲ್ಲ. ಅದು ಗೊತ್ತಿದ್ದೂ ಇನ್ನು ಬರಬೇಡವೆಂದು ಅವನಿಗೆ ಹೇಳಿದೆ. ಅಕ್ಕನಿಗೆ, ಕುದುರೆಗೆ ಕಾಯಿಲೆ ಎಂದೆ. ಮೂರು ಗುರುವಾರ ಅವರು ನಂಬಿದರು.

ಇವತ್ತು ಯಾರನ್ನೋ ಬಿಡಲು ಬಂದವನು ಜಗಲಿಯಲ್ಲಿದ್ದ ಅಕ್ಕನನ್ನು ಕಂಡು, "ಯಾಕಮ್ಮಾ, ಬರೋದೇ ಬಿಟ್ಬುಟ್ರಿ?" ಎಂದು ಕೇಳಿದ. ಕುದುರೆ ಗಟ್ಟಿಮುಟ್ಟಾಗಿ ನಿಂತು ಹುಲ್ಲು ಮೇಯುತ್ತಿತ್ತು. ನಾನು ಬಾಗಿಲ ಹಿಂದೆಯೇ ನಿಂತುಬಿಟ್ಟೆ.

ಅಕ್ಕ ಸ್ವಲ್ಪ ಹೊತ್ತು ಕುದುರೆಯನ್ನೇ ನೋಡಿದರು. "ನಾನೇ ಬೇಡ ಅಂದೆ ಕಣಪ್ಪ, ಯಾಕೋ ಬೇಜಾರು" ಎಂದರು. ಅವನು ಹೋದ ಮೇಲೆ, ನನ್ನ ಕಡೆ ತಿರುಗದೆಯೇ, "ಜಲಜಾ, ಇನ್ಮೇಲೆ ನಾನು ಹೋಗಲ್ಲ ಬಿಡೇ. ನೀನು ಅದಕ್ಕೆಲ್ಲ ಕೊರಗ್ಬೇಡ" ಎಂದರು.

ಹಾಗೆನ್ನಬೇಡಿ, ಮುಂದಿನ ವಾರ ಹೋಗಿ ಎನ್ನಬೇಕಿತ್ತು. ಅವರ ಮಾತು ಕೇಳಿ ಮೊದಲು ನನಗೆ ನೆಮ್ಮದಿಯಾಯಿತು, ಅದನ್ನು ಇಲ್ಲಾದರೂ ಬರೆಯಬೇಕು. ನಾಚಿಕೆ ಆಮೇಲೆ ಬಂತು, ಒಲೆ ಮುಂದೆ ಒಬ್ಬಳೇ ಕೂತಾಗ. ರಾತ್ರಿ ಅವರಿಗೆ ಬಡಿಸುವಾಗಲೂ ಮುಖ ನೋಡಲಾಗಲಿಲ್ಲ. ಬೆಳಿಗ್ಗೆ ಎದ್ದು ಏನೆಂದು ಮಾತಾಡಿಸಲಿ, ಅವರಾಗಿಯೇ ನನ್ನನ್ನು ಮಾತಾಡಿಸಿದರೆ ಸಾಕು.